ಸಾವಿನ ಸುದ್ದಿಯ ಸಂಗನಬಸವ

ಮಾಲೆ ಹಿಡಿದು ಹೋದರೆ ಹೆಣವೇ ಬಂದು ಬಾಗಿಲು ತೆರೆಯಿತು! ಅಯ್ಯೋ ಶಿವನೇ, ನನ್ನ ಎದೆ ಧಸಕ್ಕೆಂದದ್ದು ಇವತ್ತಿಗೂ ಪೂರ್ತಿ ಇಳಿದಿಲ್ಲ.

"ಯಾಕೋ ಅಮರಗುಂಡ, ಯಾರ್ ಹೋದ್ರು? ನನಗ್ಯಾಕ ಯಾರೂ ಹೇಳಿಲ್ಲ?" ಎಂದ ಸಂಗನಬಸವ. ಕೈಯಲ್ಲಿ ಅರ್ಧ ತಿಂದ ರೊಟ್ಟಿ.

"ನೀನ ಸತ್ತೀದಿ ಅಂತಲೇ! ಫೋನ್ ಹೇಳಾಕತ್ತೈತಿ!"

ಮಸ್ಕಿಯಲ್ಲಿ ನನ್ನದು ಹೂವಿನಂಗಡಿ, ಪಕ್ಕದ್ದು ಅವನ ಝೆರಾಕ್ಸ್ ಅಂಗಡಿ. ಆದರೆ ಅವನು ಹೆಸರಾದದ್ದು ವೆಬ್‌ಸೈಟಿನಿಂದ. ಸಿಂಧನೂರು, ಲಿಂಗಸುಗೂರು, ಮಸ್ಕಿ ಕಡೆ ಯಾರು ತೀರಿಕೊಂಡರೂ ಹೆಸರು, ಊರು, ಮಣ್ಣು ಎಷ್ಟೊತ್ತಿಗೆ ಎಂಬುದು ಅದರಲ್ಲಿ ಬರುತ್ತಿತ್ತು. ಅವನ ಅಪ್ಪ ಸತ್ತಾಗ ಸುದ್ದಿ ತಡವಾಗಿ, ಲಿಂಗಸುಗೂರಿಗೆ ಕೊಟ್ಟ ಅಕ್ಕ ಶಿವಕುಮಾರಿ ಬರುವಷ್ಟರಲ್ಲಿ ಮಣ್ಣು ಮುಗಿದಿತ್ತು. ಹಸಿ ಮಣ್ಣಿನ ಮೇಲೆ ಬಿದ್ದು ಆಕೆ ಅತ್ತದ್ದನ್ನು ಕಂಡವನು, ಕೊನೆಗೊಮ್ಮೆ ಮುಖ ನೋಡುವುದು ಇನ್ಯಾರಿಗೂ ತಪ್ಪಬಾರದೆಂದು ಹಠ ಹಿಡಿದ.

ಆ ಸೈಟೋ, ಒಂದು ದಿನ ನೆಟ್ಟಗೆ ನಿಂತದ್ದಿಲ್ಲ. ಕಂಪ್ಯೂಟರಿಗೆಂದು ಕಟ್ಟಿದ, ಜನ ಮೊಬೈಲಿಗೆ ಹೋದರು. ಮೊಬೈಲಿಗೆ ಹೊಂದಿಸಿದ, ಇಂಟರ್‌ನೆಟ್ ಹುಡುಕಾಟದ ನಿಯಮ ಬದಲಾಗಿ ಅವನ ಪುಟ ಪಾತಾಳಕ್ಕಿಳಿಯಿತು. ಸಿಂಧನೂರಿಗೆ ಹೋಗಿ ಕಲಿತು ಬಂದು ಮತ್ತೆ ಮೇಲೆತ್ತಿದ. ಈಗ ಜನ ಪುಟವನ್ನೇ ತೆರೆಯುವುದಿಲ್ಲ. "ಇವತ್ತು ಯಾರ್ ಸತ್ತಾರ?" ಎಂದು ಫೋನನ್ನೇ ಕೇಳುತ್ತಾರೆ, ಅದರೊಳಗಿನ ಯಂತ್ರ ಇವನ ಪುಟ ಓದಿ ಉತ್ತರ ಹೇಳುತ್ತದೆ. ಸುದ್ದಿ ತನ್ನದೆಂದು ಅದಕ್ಕೆ ತಿಳಿಯಲಿ ಎಂದು ಇವನು ಪ್ರತಿ ಸುದ್ದಿಯ ಮೇಲೆ ತನ್ನ ಹೆಸರು, ಊರು ಹಾಕತೊಡಗಿದ. ಆ ಮಂಕು ಯಂತ್ರ ಮೇಲಿನ ಹೆಸರನ್ನೇ ಹೆಣವೆಂದುಕೊಂಡಿತು!

ನಾವು ದಂಗಾಗಿ ನಿಂತಿದ್ದಾಗಲೇ ಶಿವಕುಮಾರಿ ಬಸ್‌ಸ್ಟ್ಯಾಂಡಿನಿಂದ ಎದೆ ಬಡಿದುಕೊಳ್ಳುತ್ತ ಓಡಿ ಬಂದಳು. ತಮ್ಮನನ್ನು ಕಂಡವಳೇ ಅವನ ಕಪಾಳಕ್ಕೆ ಒಂದು ಬಿಗಿದು, ತಬ್ಬಿಕೊಂಡಳು.

"ಅಪ್ಪನ ಮಾರಿನೂ ನೋಡಲಿಲ್ಲ, ನಿಂದೂ ಹೋತು ಅಂತ ದಾರೀತುಂಬ ಸತ್ತು ಬಂದೀನೋ! ಬೆಂಕಿ ಹಚ್ಚು ನಿನ್ನ ಸೈಟಿಗೆ!"

ಅಂದೇ ತಪ್ಪು ತಿದ್ದಿದ. ಏನು ಬಂತು? ನಂಬಿಕೆ ಹೋಗಿತ್ತು. "ಅವನ ಸೈಟೇನ್ರೀ? ಬದುಕಿದ್ದೋರ್ನ ಸಾಯಿಸ್ತೈತಿ" ಎಂದು ಊರೂರೇ ನಕ್ಕಿತು.

ಆ ನಗೆಯ ನಡುವೆಯೇ ಯಮನೂರಮ್ಮ ಗೊರೇಬಾಳದ ಹೊಲದ ಗುಡಿಸಿಲಿನಲ್ಲಿ ತೀರಿಕೊಂಡಳು. ಹಿಂದೆ ಮುಂದೆ ಯಾರೂ ಇಲ್ಲದ ಮುದುಕಿ. ಹುಟ್ಟೂರು ಮುಕ್ಕುಂದದಲ್ಲಿ ಭತ್ತದ ನಾಟಿ ಮಾಡುವ ಹೆಂಗಸರೇ ಬಳಗ. ಸಂಗನಬಸವ ಸುದ್ದಿ ಹಾಕಿದ. ಮಾಲೆ ತೆಗೆದುಕೊಂಡು ಇಬ್ಬರೂ ಹೋದೆವು. ಹೊತ್ತು ನೆತ್ತಿಗೇರಿದರೂ ಮುಕ್ಕುಂದದಿಂದ ಒಂದು ನರಪಿಳ್ಳೆಯೂ ಬರಲಿಲ್ಲ. ಇವನು ಸತ್ತ ಸುದ್ದಿ ಅಲ್ಲಿಗೆ ಮುಟ್ಟಿತ್ತು, ತಿದ್ದಿದ್ದು ಮುಟ್ಟಿರಲಿಲ್ಲ. ಫೋನ್ ಮಾಡಿದರೆ, ಸತ್ತವನ ನಂಬರಿನಿಂದ ಕರೆ ಬಂತೆಂದು ಚೀರಿ ಕಟ್ ಮಾಡಿದರು!

ಸಂಗನಬಸವ ತಟ್ಟನೆ ಎದ್ದ. "ನನ್ನಿಂದ ಈ ಮುದುಕಿ ಒಬ್ಬಾಕೀನ ಮಣ್ಣಿಗೆ ಹೋಗಬೇಕೇನಲೇ? ಗಾಡಿ ಹತ್ತು."

ಮುಕ್ಕುಂದದ ಗದ್ದೆಯ ಬದುವಿನ ಮೇಲೆ ಅವನು ನಿಂತದ್ದೇ ತಡ, ನಾಟಿ ತಂಡದ ಹಿರಿಯಳು ಹೊನ್ನೂರಮ್ಮ "ಯವ್ವಾ, ದೆವ್ವ!" ಎಂದು ಸಸಿಕಟ್ಟು ಬಿಸುಟಳು. ಹೆಂಗಸರು ಕೆಸರಲ್ಲಿ ಬಿದ್ದೆದ್ದು ಓಡಿದರು.

"ದೆವ್ವ ಅಲ್ಲಬೇ, ಮುಟ್ಟಿ ನೋಡು" ಎಂದು ಇವನು ಕೆಸರಿಗಿಳಿದು ಕೈ ಚಾಚಿದ. "ನಾ ಸತ್ತಿದ್ದು ಸುಳ್ಳು. ಯಮನೂರಮ್ಮ ಸತ್ತಿದ್ದು ಖರೇ."

ಹೊನ್ನೂರಮ್ಮ ಹೆದರುತ್ತಲೇ ಮುಟ್ಟಿದಳು. ಕೈ ಬೆಚ್ಚಗಿತ್ತು. ಅಲ್ಲೇ ಕುಸಿದು ಗೋಳೋ ಎಂದಳು. ಕಾಲಿನ ಕೆಸರೂ ತೊಳೆಯದೆ ಎಲ್ಲರೂ ಟ್ರ್ಯಾಕ್ಟರ್ ಹತ್ತಿದರು. ಗೊರೇಬಾಳದಲ್ಲಿ ಯಮನೂರಮ್ಮನ ಕೆನ್ನೆ ಸವರುತ್ತ ಹೊನ್ನೂರಮ್ಮ ಇವನತ್ತ ತಿರುಗಿ, "ನೀ ಖರೇನ ಸತ್ತಿದ್ರ ಈಕಿ ಮಾರಿ ನಮಗ ಸಿಗ್ತಿದ್ದಿಲ್ಲಪ್ಪಾ" ಎಂದಳು.

ಸೈಟು ಮತ್ತೆ ಬದಲಾಗಿದೆ. ದಿನಾ ಬೆಳಗ್ಗೆ ಸುದ್ದಿಗಿಂತ ಮೊದಲು ಅವನದೇ ವಿಡಿಯೊ ಬರುತ್ತದೆ: "ನಾ ಸಂಗನಬಸವ, ಜೀವಂತ ಅದೀನ್ರೀ. ಈಗ ಸುದ್ದಿ ಕೇಳ್ರಿ." ಲಿಂಗಸುಗೂರಿನಲ್ಲಿ ಶಿವಕುಮಾರಿ ಅದನ್ನು ನೋಡದೆ ಚಹಾ ಮುಟ್ಟುವುದಿಲ್ಲ.