ಬೃಂದಾ ಕೂರಬೇಕಿದ್ದ ಸೀಟು

ಲಂಡನ್ನಿನ ಎಜ್‌ವೇರ್‌ನಲ್ಲಿ ನೆಲೆಸಿದ ಧಾರವಾಡದ ಡಾಕ್ಟರ್ ವಸಿಷ್ಠನಿಗೆ ವಿಮಾನದ ಹುಚ್ಚೇನೂ ಇರಲಿಲ್ಲ. ಅದು ಇದ್ದದ್ದು ಹೆಂಡತಿ ಬೃಂದಾಗೆ. ಕಾಲೇಜಿನಲ್ಲಿ ಎನ್‌ಸಿಸಿ ಏರ್ ವಿಂಗ್ ಸೇರಿ, ಬೆಂಗಳೂರಿನ ಜಕ್ಕೂರಿನಲ್ಲಿ ಪುಟ್ಟ ವಿಮಾನ ಹಾರಿಸಿದವಳು. ಆಮೇಲೆ ಮದುವೆ, ಲಂಡನ್ನು, ಮಗಳು ಎಂದು ಆ ಮಾತನ್ನೇ ಬಿಟ್ಟಿದ್ದಳು. ಊರಂಚಿನ ಅಪ್‌ಮಿನ್‌ಸ್ಟರ್ ಬಳಿಯ ಹುಲ್ಲಿನ ರನ್‌ವೇಗೆ ಹಳೇ ಕಾಲದ ವಿಮಾನಗಳು ಹಾರಿಬಂದು ಸೇರುತ್ತವೆಂದು ತಿಳಿದು, ತನ್ನ ಆಸ್ಪತ್ರೆಯ ಡ್ಯೂಟಿ ಬದಲಿಸಿಕೊಂಡು, ಗಂಡನನ್ನೂ ಮಗಳು ತನ್ಮಯಿಯನ್ನೂ ಹೊರಡಿಸಿದವಳು ಅವಳೇ.

ಮಧ್ಯಾಹ್ನ ಅವಳು ಚಹಾ ತರಲು ಹೋದಳು. ಕ್ಯೂ ಉದ್ದವಿತ್ತು. ಅಷ್ಟರಲ್ಲಿ ಎರಡು ಜೊತೆ ರೆಕ್ಕೆಯ ಹಳದಿ ವಿಮಾನದ ಮುದುಕ ಪೈಲಟ್ ಬೇಲಿಯ ಹತ್ತಿರ ಬಂದು, ಮುಂದಿನ ಸೀಟು ಖಾಲಿ ಇದೆ, ಒಂದು ಸುತ್ತು ಯಾರು ಬರುತ್ತೀರಿ ಎಂದ. ವಸಿಷ್ಠ ಕೈ ಎತ್ತಿಬಿಟ್ಟ.

"ವೆಯ್ಟ್ ಫಾರ್ ಅಮ್ಮ, ಅಪ್ಪಾ!" ಎಂದಳು ತನ್ಮಯಿ.

"ಈಗ ಹೋಗಿ ಈಗ ಬಂದಬಿಡ್ತೀನಿ ಪುಟ್ಟಾ."

ನೆಲ ಬಿಟ್ಟಾಗ ಬರೀ ಆನಂದ. ಮುಖಕ್ಕೆ ಗಾಳಿ, ಎಂಜಿನ್ ಎಣ್ಣೆಯ ವಾಸನೆ, ದೂರದಲ್ಲಿ ಹೊಳೆವ ಥೇಮ್ಸ್. ವಿಮಾನ ಓರೆಯಾಗಿ ತಿರುಗಿದಾಗ ಕೆಳಗೆ ಬೃಂದಾಳ ಕೆಂಪು ಕಾರ್ಡಿಗನ್ ಕಂಡಿತು. ತಲೆ ಎತ್ತಿ ನಿಂತಿದ್ದಳು. ಎಲ್ಲರೂ ಕೈ ಬೀಸುತ್ತಿದ್ದರು, ಅವಳೊಬ್ಬಳು ಬೀಸಲಿಲ್ಲ. ಕೈಯಲ್ಲಿ ಚಹಾ ಇರಬೇಕು. ವಸಿಷ್ಠನಿಗೆ ಬೇಗ ಇಳಿದರೆ ಸಾಕೆನ್ನಿಸಿತು.

ಇಳಿದವನೇ, ಹೆಂಡತಿಯನ್ನೂ ಒಂದು ಸುತ್ತು ಕರೆದೊಯ್ಯಿರಿ ಎಂದು ಪೈಲಟ್‌ನನ್ನು ಬೇಡಿಕೊಂಡ. ಅಡ್ಡಗಾಳಿ ಎದ್ದಿದೆ, ಇನ್ನು ಆಗದು ಎಂದ ಮುದುಕ.

"ಹ್ಯಾಂಗಿತ್ರಿ?" ಬೃಂದಾ ಕೇಳಿದಳು.

"ಏನ್ ವಿಶೇಷ ಇಲ್ಲ ಬಿಡು. ಬರೇ ಸಪ್ಪಳ, ಥಂಡಿ."

ಅವಳು ಅವನ ಮುಖವನ್ನೇ ನೋಡಿದಳು. "ಚಲೋ ಇತ್ತು ಅಂತಾದ್ರೂ ಹೇಳ್ರಿ. ಅದನ್ನೂ ನನ್ನಿಂದ ಕಸಗೋಬ್ಯಾಡ್ರಿ."

ಮನೆಗೆ ಮರಳುವ ದಾರಿಯುದ್ದಕ್ಕೂ ಅವನು ಆ ಹಾರಾಟದ ಬಗ್ಗೆ ಹೇಳಿದ. ಅವಳು ಬಿಡದೆ ಕೇಳಿದಳು: "ತಿರುಗೂ ಮುಂದ ವಿಮಾನದ ಮೂಗು ಕೆಳಗ ಹೋತೇನು? ಇಳಿಯೂ ಮುಂದ ಎಂಜಿನ್ ದನಿ ಹ್ಯಾಂಗ ಆತು?" ಅವನು ಯಾವುದನ್ನೂ ಗಮನಿಸಿರಲಿಲ್ಲ. "ಗೊತ್ತಾಗಲಿಲ್ಲ" ಎಂದು ಪ್ರತಿ ಸಲ ಹೇಳುವಾಗಲೂ ನಾಚಿಕೆಯಿಂದ ದನಿ ಕುಗ್ಗುತ್ತಿತ್ತು.

ಮರುವಾರ ಅವನೇ ಫ್ಲೈಯಿಂಗ್ ಕ್ಲಬ್ಬಿಗೆ ಫೋನ್ ಮಾಡಿ ಬೃಂದಾಳ ಹೆಸರಿನಲ್ಲಿ ಪಾಠ ಗೊತ್ತುಮಾಡಿದ. ಅವಳು ಬೇಡವೆನ್ನಲಿಲ್ಲ. ಪಾಠದ ದಿನ ಮಗಳನ್ನು ಕರೆದುಕೊಂಡು ಹೊರಟಳು. ಅವನನ್ನು ಬನ್ನಿ ಎನ್ನಲಿಲ್ಲ, ಬರಲೇ ಎಂದು ಅವನೂ ಕೇಳಲಿಲ್ಲ.