ಕಾಂತಿ ಕಲ್ಲಾಗಲು ಬಿಟ್ಟ ಬಕೆಟ್

ಮುಂಡಾಜೆಯಲ್ಲಿ ಹೊಸ ಮನೆ ಕಟ್ಟಿಸಿದ ನೋಣಯ್ಯ ಮೇಸ್ತ್ರಿ ತನ್ನ ಕಾರ್ ಶೆಡ್ಡಿನ ನೆಲಕ್ಕೆ ಎಪಾಕ್ಸಿ ಹಾಕಲು ಕಾಂತಿಯನ್ನೇ ಕರೆದ. ಫೋನ್ ಬಂದಾಗ ಅವಳು ಶಿರ್ತಾಡಿಯಲ್ಲಿ ಯಾರದೋ ಗೇಟಿಗೆ ಕಪ್ಪು ಬಣ್ಣ ಬಳಿಯುತ್ತಿದ್ದಳು. ಬ್ರಷ್ಷನ್ನು ಡಬ್ಬದ ಮೇಲಿಟ್ಟು, ಅವನು ಹೇಳುವುದನ್ನೆಲ್ಲ ಕೊನೆಯವರೆಗೆ ಕೇಳಿದಳು.

“ಹಳೇದನ್ನೆಲ್ಲ ಮನಸ್ಸಿನಲ್ಲಿ ಇಟ್ಕೊಳ್ಬೇಡ ಮಾರಾಯ್ತಿ. ಬೇರೆಯವರ ಕೆಲಸ ನನಗೆ ಹಿಡಿಸುವುದಿಲ್ಲ. ನಿನ್ನ ಕೈಯೇ ಬೇರೆ. ನಿನಗೂ ಒಂದು ಕೆಲಸ ಸಿಕ್ಕಿದ ಹಾಗಾಯ್ತು.”

“ಬರ್ತೇನೆ,” ಅಂದಳು ಕಾಂತಿ. ಅಷ್ಟೇ.

ಫೋನಿಟ್ಟು ಅವಳು ಬ್ರಷ್ಷನ್ನು ಮತ್ತೆ ಕೈಗೆತ್ತಿಕೊಂಡಳು. ಮೂರು ವರ್ಷದಿಂದ ಬೆಳಗ್ಗೆ ಎದ್ದು ಮುಖ ತೊಳೆಯುವಾಗೆಲ್ಲ ನೆನಪಾಗುತ್ತಿದ್ದ ಮನುಷ್ಯ ತಾನಾಗಿಯೇ ಕೈಗೆ ಬಂದಿದ್ದ.

ಒಂಬತ್ತು ವರ್ಷ ಅವಳು ನೋಣಯ್ಯನ ಕೈಕೆಳಗೆ ದುಡಿದವಳು. ಮೊದಲು ಸಿಮೆಂಟು ಹೊರುತ್ತಿದ್ದಳು. ಎಪಾಕ್ಸಿ ನೆಲ ಎಂಬುದು ಈ ಕಡೆ ಕಾಲಿಟ್ಟಾಗ ಮಿಕ್ಕವರು ಅದರ ವಾಸನೆಗೆ ಮುಖ ಸಿಂಡರಿಸಿದರೆ ಕಾಂತಿ ಕೂತು ನೋಡಿದಳು, ಕಲಿತಳು. ಎರಡು ಡಬ್ಬಗಳ ಅಂಟು. ಒಂದರಲ್ಲಿ ಜೇನಿನಂಥ ದ್ರವ, ಇನ್ನೊಂದರಲ್ಲಿ ಅದನ್ನು ಗಟ್ಟಿ ಮಾಡುವ ಹಾರ್ಡ್‌ನರ್. ಎರಡನ್ನೂ ಬೆರೆಸಿದ ಗಳಿಗೆಯಿಂದ ಗಡಿಯಾರ ಓಡಲು ಶುರು. ನಮ್ಮೂರಿನ ಸೆಕೆಗೆ ಇಪ್ಪತ್ತು ನಿಮಿಷ, ಹೆಚ್ಚೆಂದರೆ ಇಪ್ಪತ್ತೈದು. ಅಷ್ಟರೊಳಗೆ ನೆಲಕ್ಕೆ ಸುರಿದು ಹರಡಬೇಕು. ಬಕೆಟಿನಲ್ಲೇ ಉಳಿದರೆ ಅದು ತನ್ನೊಳಗೇ ಕಾದು, ಹೊಗೆಯಾಡಿ, ಕಲ್ಲಾಗುತ್ತದೆ. ಅಡಿಯಲ್ಲಿ ಮೊಳೆಗಳಿದ್ದ ಚಪ್ಪಲಿ ಕಟ್ಟಿಕೊಂಡು, ಹಸಿ ನೆಲದ ಮೇಲೆ ಕೊಕ್ಕರೆಯ ಹಾಗೆ ಹೆಜ್ಜೆಯಿಡುತ್ತ ಕಾಂತಿ ಹರಡಿದ ನೆಲದಲ್ಲಿ ಒಂದು ಗುಳ್ಳೆ ಇರುತ್ತಿರಲಿಲ್ಲ. ಹೊಗಳಿಕೆ ಮೇಸ್ತ್ರಿಗೆ ಹೋಗುತ್ತಿತ್ತು. ಅದಕ್ಕೆ ಅವಳು ಬೇಜಾರು ಮಾಡಿಕೊಂಡವಳಲ್ಲ.

ಬೆಳ್ತಂಗಡಿಯಲ್ಲಿ ಹಾರ್ಡ್‌ವೇರ್ ಅಂಗಡಿ ಇಟ್ಟಿದ್ದ ಶಶಿರಾಜ್ ಜೈನರ ಮನೆಯ ಕಾರ್ ಶೆಡ್ಡಿನಲ್ಲಿ ಎಲ್ಲ ಹಾಳಾಯಿತು. ಎಪಾಕ್ಸಿ ನೆಲ ಒದ್ದೆಯಾದರೆ ಜಾರುತ್ತದೆ. ಜಾರದಿರಲು ಹಸಿ ಇರುವಾಗಲೇ ಸಣ್ಣ ಬಿಳಿ ಮರಳು ಎರಚುತ್ತಾರೆ. ಅವತ್ತು ಕಾಂತಿ ಮರಳಿನ ಚೀಲಕ್ಕೆ ಕೈ ಹಾಕಿದಾಗ ನೋಣಯ್ಯ ತಡೆದ. “ಮರಳು ಗಿರಳು ಬೇಡ. ಹೊಳಪು ಹೋಗ್ತದೆ. ಕನ್ನಡಿ ಆಗ್ಬೇಕು.” ಅವಳು ಎರಡು ಸಲ ಹೇಳಿದಳು. ಅವನು ಚೀಲವನ್ನೇ ಎತ್ತಿ ಪಿಕಪ್ಪಿಗೆ ಹಾಕಿದ.

ಜೂನಿನ ಮೊದಲ ಮಳೆಗೆ ಶಶಿರಾಜರ ತಾಯಿ ತ್ರಿಶಲಮ್ಮ ಒಣಗಲು ಹಾಕಿದ್ದ ಬಟ್ಟೆ ತೆಗೆಯಲು ಶೆಡ್ಡಿನ ಮೂಲಕ ಓಡಿದರು. ಕಾರಿನಿಂದ ನೀರು ಇಳಿದಿತ್ತು. ಕಾಲು ಜಾರಿ ಬಿದ್ದು ಸೊಂಟದ ಮೂಳೆ ಎರಡಾಯಿತು.

ಆಸ್ಪತ್ರೆಯ ಕಾರಿಡಾರಿನಲ್ಲಿ, ಮನೆಯವರು, ನೆಂಟರು, ನರ್ಸುಗಳು ಎಲ್ಲರ ಎದುರು ನೋಣಯ್ಯ ಕಾಂತಿಯ ಕಡೆ ಬೆರಳು ತೋರಿಸಿದ. “ಮರಳು ಹಾಕು ಅಂತ ಇವಳಿಗೆ ಹತ್ತು ಸಲ ಹೇಳಿದೆ. ಮರೆತಳು. ಹೆಂಗಸಿನ ಕೈಗೆ ಕೊಟ್ಟದ್ದು ನನ್ನದೇ ತಪ್ಪು.” ಕಾಂತಿ ಬಾಯಿ ತೆರೆಯುವ ಮೊದಲೇ ಶಶಿರಾಜ್ ಅವಳನ್ನು ಹೊರಗೆ ಹೋಗೆಂದರು. ಮತ್ತೆ ಯಾರೂ ಅವಳನ್ನು ನೆಲದ ಕೆಲಸಕ್ಕೆ ಕರೆಯಲಿಲ್ಲ. ಮೂಡುಬಿದಿರೆಗೆ ಕಾಲೇಜಿಗೆ ಹೋಗುವ ಮಗಳು ಪ್ರಾಪ್ತಿಗೆ ಬಸ್ಸಿನಲ್ಲಿ ಯಾರೋ “ನೀನು ಜಾರು ಕಾಂತಿಯ ಮಗಳಲ್ವಾ?” ಎಂದು ಕೇಳಿದ್ದರು. ಹುಡುಗಿ ಮನೆಗೆ ಬಂದು ಅನ್ನ ಮುಟ್ಟಿರಲಿಲ್ಲ. ಆ ಹೆಸರನ್ನು ಕಾಂತಿ ಬಾಯಲ್ಲಿ ಕಹಿ ಗುಳಿಗೆಯಂತೆ ಇಟ್ಟುಕೊಂಡೇ ಮೂರು ವರ್ಷ ಕಳೆದಳು.

ಮುಂಡಾಜೆಗೆ ಹೊರಟ ದಿನ ಜೊತೆಗೆ ಸೌದಾ ಇದ್ದಳು. ಸಿದ್ಧಕಟ್ಟೆಯವಳು, ಹಳೆಯ ಜೊತೆಗಾತಿ. ಎಲ್ಲರೂ ದೂರವಾದಾಗಲೂ ಕಾಂತಿಯ ಜೊತೆ ಗೇಟು, ಕಿಟಕಿ ಎಂದು ಬಣ್ಣ ಬಳಿಯಲು ಬಂದವಳು.

“ಹಾರ್ಡ್‌ನರ್ ಅರ್ಧ ಹಾಕ್ತೇನೆ,” ಅಂದಳು ಕಾಂತಿ ಬಸ್ಸಿನಲ್ಲಿ. “ಜನ್ಮದಲ್ಲಿ ಒಣಗುವುದಿಲ್ಲ. ಗೃಹಪ್ರವೇಶದ ಒಕ್ಕಲಿಗೆ ಬಂದ ನೆಂಟರ ಕಾಲೆಲ್ಲ ಹಲಸಿನ ಮೇಣಕ್ಕೆ ಸಿಕ್ಕಿದ ಹಾಗೆ ಅಂಟಬೇಕು.”

ಸೌದಾ ಕಿಟಕಿಯಿಂದ ಅವಳ ಕಡೆ ತಿರುಗಿದಳು. “ಅಂಟಿದರೆ ಯಾರ ಹೆಸರು ಹೇಳ್ತಾರೆ ಕಾಂತಿಯಕ್ಕ? ಅವ ಹೇಳಿದ್ದು ನಿಜ ಅಂತ ನೀನೇ ಸಹಿ ಹಾಕಿ ಕೊಟ್ಟ ಹಾಗೆ ಆಗ್ತದೆ.”

ಅದು ಸರಿ ಎಂದು ಕಾಂತಿಗೆ ಗೊತ್ತಾಯಿತು. ನೆಲ ಕೆಡಬಾರದು. ಕೆಡಬೇಕಾದದ್ದು ಬೇರೆ.

ಎರಡು ದಿನ ಅವರಿಬ್ಬರೂ ಕಾಂಕ್ರೀಟನ್ನು ಮೆಷಿನಿನಲ್ಲಿ ಉಜ್ಜಿ, ಧೂಳೆಳೆದು, ಪ್ರೈಮರ್ ಬಳಿದರು. ನೋಣಯ್ಯ ಹತ್ತಿರ ಸುಳಿಯಲಿಲ್ಲ. ವರ್ಷಗಟ್ಟಲೆ ಕೈಗವಸಿಲ್ಲದೆ ಹಾರ್ಡ್‌ನರ್ ಮುಟ್ಟಿ ಅವನ ಮೈಗೆ ಅದು ಆಗದಂತಾಗಿತ್ತು. ವಾಸನೆ ತಾಗಿದರೆ ಸಾಕು, ಕಣ್ಣು ಮುಚ್ಚುವಷ್ಟು ಮುಖ ಊದುತ್ತಿತ್ತು. ಅಂಗಳದ ಆಚೆ ತುದಿಯಲ್ಲಿ ಹೆಗಲ ಮೇಲಿನ ಬೈರಾಸನ್ನು ಮೂಗಿಗೆ ಹಿಡಿದು ನಿಂತು ಅಲ್ಲಿಂದಲೇ ಕೂಗಿ ಹೇಳುತ್ತಿದ್ದ. ಭಾನುವಾರ ಒಕ್ಕಲು. ಊಟದ ಪಂಕ್ತಿ ಶೆಡ್ಡಿನಲ್ಲೇ. ಬುಧವಾರ ನೆಲ ಎಳೆದರೆ ಮಾತ್ರ ಅಷ್ಟರೊಳಗೆ ಒಣಗುತ್ತದೆ. ಬೆಳ್ಳಿಬಣ್ಣದ ವಿಶೇಷ ಮಾಲು, ಹೇಳಿ ತರಿಸಿದ್ದು, ಮತ್ತೆ ಬೇಕೆಂದರೆ ವಾರ ಕಾಯಬೇಕು. ಎರಡು ಬಕೆಟ್ ಸಾಕಿತ್ತು, ಅನುಭವಸ್ಥ ಆದ್ದರಿಂದ ಒಂದನ್ನು ಹೆಚ್ಚಿಗೆ ತರಿಸಿದ್ದ.

ಬುಧವಾರ ಬೆಳಗ್ಗೆ ಹತ್ತು ಗಂಟೆಗೆ ಕಾಂತಿ ಮೊಳೆಯ ಚಪ್ಪಲಿ ಕಟ್ಟಿಕೊಂಡಳು. ಆಚೆಯಿಂದ ನೋಣಯ್ಯ ಕೂಗಿದ.

“ಮರಳು ಗಿರಳು ಬೇಡ ಕಾಂತಿ! ಹೊಳಪು ಹೋಗ್ತದೆ. ಕನ್ನಡಿ ಆಗ್ಬೇಕು!”

ಅವೇ ಮಾತುಗಳು. ಒಂದು ಅಕ್ಷರ ಆಚೀಚೆ ಇಲ್ಲ. ಆ ಮನುಷ್ಯನಿಗೆ ಅದು ನೆನಪೂ ಇರಲಿಲ್ಲ.

ಮೊದಲ ಬಕೆಟಿಗೆ ಹಾರ್ಡ್‌ನರ್ ಸುರಿದು, ಡ್ರಿಲ್ಲಿನಿಂದ ಮೂರು ನಿಮಿಷ ಕಲಸಿ, ಅದನ್ನು ಎತ್ತಿ ತಂದು ಶೆಡ್ಡಿನ ಬಾಗಿಲಲ್ಲಿ ಇಟ್ಟಳು. ಕೈಗವಸು ತೆಗೆದಳು. ಬಕೆಟಿನ ಪಕ್ಕದಲ್ಲೇ ಒಂದು ಸ್ಟೂಲು ಹಾಕಿ ಕೂತಳು.

“ಎಂತ ಕೂತದ್ದು? ಸುರಿ!” ಅಂದ ನೋಣಯ್ಯ.

“ಶಶಿರಾಜರಿಗೆ ಫೋನ್ ಮಾಡಿ ಮೇಸ್ತ್ರಿಯವರೇ. ಸ್ಪೀಕರಿನಲ್ಲಿ. ಮರಳು ಬೇಡ ಅಂದದ್ದು ಯಾರು ಅಂತ ಹೇಳಿ. ಆಮೇಲೆ ಸುರಿಯುವ.”

ಒಳಗೆ ಸ್ವಿಚ್ ಕೂರಿಸುತ್ತಿದ್ದ ಇಲೆಕ್ಟ್ರಿಶಿಯನ್ ಕೆಲಸ ನಿಲ್ಲಿಸಿದ. ನೋಣಯ್ಯನ ಹೆಂಡತಿ ಅಡುಗೆಮನೆಯಿಂದ ಹೊರಬಂದಳು.

ನೋಣಯ್ಯ ಮೊದಲು ನಕ್ಕ. ಆಮೇಲೆ ಬೈದ. “ನಿನಗೆ ತಲೆ ಕೆಟ್ಟಿದೆಯಾ? ಅದು ಹಾಳಾಗ್ತದೆ!”

“ಹಾಳಾಗ್ತದೆ. ನೀವೇ ಕಲಿಸಿದ್ದು.”

“ಸೌದಾ, ನೀನಾದ್ರೂ ಸುರಿ!”

ಸೌದಾ ತಲೆಯ ಮೇಲಿನ ಶಾಲನ್ನು ಸರಿಮಾಡಿಕೊಂಡು ಗೋಡೆಗೆ ಒರಗಿದಳು. “ನನಗೆ ಕೈ ನೋವು ಅಣ್ಣ.”

ಅವನು ನಾಲ್ಕು ಹೆಜ್ಜೆ ಮುಂದೆ ಬಂದ. ವಾಸನೆ ತಾಗಿತು. ಕೆಮ್ಮುತ್ತಾ ಹಿಂದೆ ಹೋದ. ಅವನ ಕಣ್ಣಿನ ರೆಪ್ಪೆ ದಪ್ಪವಾಗುವುದನ್ನು ಕಾಂತಿ ಕೂತಲ್ಲಿಂದಲೇ ನೋಡಿದಳು. ಅವಳಿಗೆ ಕರುಣೆ ಬರಲಿಲ್ಲ. ಬರುತ್ತದೋ ಎಂದು ಒಂದು ಕ್ಷಣ ಕಾದು ನೋಡಿದಳು ಕೂಡ.

ಹದಿನೆಂಟನೇ ನಿಮಿಷಕ್ಕೆ ಬಕೆಟ್ ಕೈ ಇಡಲಾಗದಷ್ಟು ಕಾಯಿತು. ಮತ್ತೆ ಮೂರು ನಿಮಿಷಕ್ಕೆ ಮೇಲಿನಿಂದ ಹೊಗೆ ಎದ್ದಿತು. ಬೆಳ್ಳಿಯ ದ್ರವ ಹಳದಿಗೆ ತಿರುಗಿ, ಬಿರುಕು ಬಿಟ್ಟು, ಕಲಸುವ ಕೋಲನ್ನು ತನ್ನೊಳಗೆ ಹಿಡಿದುಕೊಂಡು ನಿಂತುಬಿಟ್ಟಿತು. ಕಾಂತಿ ಅದನ್ನು ಕಾಲಿನಿಂದ ಅಂಗಳಕ್ಕೆ ತಳ್ಳಿದಳು. ಬಂಡೆ ಬಿದ್ದ ಸದ್ದಾಯಿತು.

“ಅದು ಹೆಚ್ಚಿಗೆ ತಂದದ್ದು,” ಅಂದಳು. “ಇನ್ನು ಎರಡೇ ಉಂಟು.”

ಎರಡನೇ ಬಕೆಟನ್ನು ಅವಳು ಅವಸರ ಮಾಡದೆ ಕಲಸಿದಳು. ತಂದು ಅದೇ ಜಾಗದಲ್ಲಿಟ್ಟಳು. ಈಗ ಅಂಗಳದಲ್ಲಿ ಐದಾರು ಜನ ಸೇರಿದ್ದರು. ನೋಣಯ್ಯನ ಹೆಂಡತಿ ಗಂಡನ ಹತ್ತಿರ ಹೋಗಿ, “ಇವಳು ಹೇಳುವುದು ಹೌದಾ?” ಎಂದು ಕೇಳಿದಳು. ಅವನು ಬಕೆಟಿನ ಕಡೆಗೇ ನೋಡುತ್ತಿದ್ದ.

“ಹೌದಾ ಅಂತ ಕೇಳಿದೆ.”

“ಈಗ ಅದೆಲ್ಲ ಯಾಕೆ!”

“ಒಂಬತ್ತು ನಿಮಿಷ ಆಯ್ತು,” ಅಂದಳು ಕಾಂತಿ.

ನೋಣಯ್ಯ ಫೋನ್ ತೆಗೆದ. ಊದಿದ ಕಣ್ಣಿಗೆ ಹೆಸರು ಸರಿಯಾಗಿ ಕಾಣದೆ ಎರಡು ಸಲ ತಪ್ಪಿ ಒತ್ತಿದ. ಆಮೇಲೆ ಆ ಕಡೆ ರಿಂಗಾಗಿ, ಶಶಿರಾಜರ ದನಿ ಅಂಗಳದಲ್ಲಿ ಗಟ್ಟಿಯಾಗಿ ಕೇಳಿತು.

“ಹೇಳು ನೋಣಯ್ಯ. ಭಾನುವಾರ ಬರ್ತೇವೆ, ಮರೆತಿಲ್ಲ.”

“ಅದಲ್ಲ ಶಶಿರಾಜರೇ... ನಿಮ್ಮ ಶೆಡ್ಡಿನ ವಿಷಯ. ಅವತ್ತು ಮರಳು ಹಾಕುವುದು ಬೇಡ ಅಂತ ಹೇಳಿದ್ದು ನಾನು. ಕಾಂತಿ ಮರೆತದ್ದಲ್ಲ. ಅವಳು ಹಾಕ್ತೇನೆ ಅಂತಲೇ ಹೇಳಿದ್ದಳು.”

ಕಾಂತಿ ಕಾದಳು. ಆಶ್ಚರ್ಯ, ಸಿಟ್ಟು, ಬೈಗುಳ, ಏನಾದರೂ ಬರಬೇಕಿತ್ತು.

“ಅದು ನನಗೆ ಗೊತ್ತುಂಟಲ್ಲ ಮಾರಾಯ,” ಅಂದರು ಶಶಿರಾಜ್. “ಮರಳಿನ ಚೀಲ ನೀನು ಪಿಕಪ್ಪಿಗೆ ಹಾಕುವಾಗ ನಾನು ಮೇಲೆ ಬಾಲ್ಕನಿಯಲ್ಲೇ ಇದ್ದೆ. ಆದದ್ದು ಆಯ್ತು. ಈಗ ಎಂತಕ್ಕೆ ಅದು?”

ಕಾಂತಿ ಸ್ಟೂಲಿನಿಂದ ಎದ್ದಳು. ಚಪ್ಪಲಿಯ ಮೊಳೆಗಳು ನೆಲದಲ್ಲಿ ಕರಕರ ಎಂದವು. ಮೂರು ವರ್ಷ ಅವಳು ಒಬ್ಬನನ್ನೇ ದ್ವೇಷಿಸಿದ್ದಳು. ಇನ್ನೊಬ್ಬ ಅಷ್ಟೂ ದಿನ ನೆರಳಿನಲ್ಲಿ ತಣ್ಣಗೆ ಕೂತಿದ್ದ. ಕಾರಣ ಹುಡುಕಬೇಕಾಗಿಯೂ ಇರಲಿಲ್ಲ. ನೋಣಯ್ಯ ಕಟ್ಟಿಸುವ ಪ್ರತಿಯೊಂದು ಮನೆಯ ನಲ್ಲಿ, ಬೀಗ, ಬಣ್ಣ ಎಲ್ಲ ಹೋಗುತ್ತಿದ್ದದ್ದು ಶಶಿರಾಜರ ಅಂಗಡಿಯಿಂದ. ಅಂಥ ಗಿರಾಕಿಯನ್ನು ಕಳೆದುಕೊಳ್ಳುವುದಕ್ಕಿಂತ ಒಬ್ಬ ಹೆಂಗಸಿನ ಹೆಸರು ಕಳೆಯುವುದು ಸುಲಭ.

“ಕಾಂತಿಯಕ್ಕ, ಹದಿನಾಲ್ಕು,” ಅಂದಳು ಸೌದಾ ಮೆಲ್ಲಗೆ.

ಕೊಟ್ಟ ಮಾತಿನಂತೆ ಕಾಂತಿ ಬಕೆಟ್ ಎತ್ತಿ ಸುರಿದಳು. ಸೌದಾ ಕೊನೆಯ ಬಕೆಟನ್ನೂ ಕಲಸಿ ಕೊಟ್ಟಳು. ಬೆಳ್ಳಿ ಹರಿಯಿತು. ಗೋಡೆಯಿಂದ ಗೋಡೆಗೆ ಕಾಂತಿ ಅದನ್ನು ಎಳೆದಳು, ಮುಳ್ಳಿನ ರೋಲರ್ ಆಡಿಸಿ ಗುಳ್ಳೆ ಒಡೆದಳು. ಅರ್ಧ ಗಂಟೆ ಆ ನೆಲ ನಿಜಕ್ಕೂ ಕನ್ನಡಿಯಾಗಿತ್ತು. ಅದರಲ್ಲಿ ಕಾಣುವ ಮಾಡಿನ ಹೆಂಚುಗಳನ್ನು ಎಣಿಸಬಹುದಿತ್ತು. ನೋಣಯ್ಯ ಊದಿದ ಕಣ್ಣುಗಳಲ್ಲೇ ಅದನ್ನು ನೋಡಿ ಸಮಾಧಾನದ ಉಸಿರು ಬಿಟ್ಟ. ಆಗ ಕಾಂತಿ ತಾನು ಶಿರ್ತಾಡಿಯಿಂದ ಹೊತ್ತು ತಂದಿದ್ದ ಚೀಲ ಬಿಚ್ಚಿ, ಕೋಳಿಗೆ ಅಕ್ಕಿ ಎರಚಿದಂತೆ ಮರಳು ಎರಚಿದಳು. ಒಂದು ಹಿಡಿಯಲ್ಲ, ಇಡೀ ಚೀಲ.

“ಬೇಡ! ಬೇಡ ಅಂದೆನಲ್ಲ!”

“ಈ ಸಲ ನಿಜವಾಗಿ ಮರೆತೆ ಮೇಸ್ತ್ರಿಯವರೇ. ನೀವು ಹೇಳಿದ್ದನ್ನು.”

ಭಾನುವಾರ ಒಕ್ಕಲಿಗೆ ಬಂದವರು ಕಾಯಿ ತುರಿಯುವ ಹೆರೆಮಣೆಯ ಹಲ್ಲಿನಂತೆ ತರಿತರಿಯಾದ, ಹೊಳಪಿಲ್ಲದ ಬೂದು ನೆಲದ ಮೇಲೆ ಕೂತು ಉಂಡರಂತೆ. ಯಾರೂ ಜಾರಲಿಲ್ಲ. ಆದರೆ ಎಲ್ಲರ ಬಾಯಲ್ಲೂ ಅಂಗಳದ ಫೋನಿನದ್ದೇ ಮಾತು. ಇಲೆಕ್ಟ್ರಿಶಿಯನ್ ಅದನ್ನು ಮುಂಡಾಜೆಯಿಂದ ಉಜಿರೆವರೆಗೆ ಹಂಚಿದ್ದ.

ಮಂಗಳವಾರ ಮಧ್ಯಾಹ್ನ ಶಿರ್ತಾಡಿಯಲ್ಲಿ ಕಾಂತಿಯ ಮನೆಯೆದುರು ಒಂದು ಬಾಡಿಗೆ ಕಾರು ನಿಂತಿತು. ಡ್ರೈವರ್ ಮೊದಲು ವಾಕರ್ ಇಳಿಸಿದ. ಅದನ್ನು ಹಿಡಿದು ಬಿಳಿ ಸೀರೆಯ ತ್ರಿಶಲಮ್ಮ ಒಂದೊಂದೇ ಹೆಜ್ಜೆಯಿಟ್ಟು ಜಗಲಿಗೆ ಬಂದರು. ಕಾಂತಿ ಬೆಲ್ಲ, ನೀರು ತಂದಿಟ್ಟಳು. ಅವರು ಮುಟ್ಟಲಿಲ್ಲ.

“ಶಶಿರಾಜ ನೋಣಯ್ಯನ ಹತ್ತಿರ ಫೋನಿನಲ್ಲಿ ಮಾತಾಡುವಾಗ ನಾನು ಪಕ್ಕದ ಕೋಣೆಯಲ್ಲಿ ಇದ್ದೆ,” ಅಂದರು ಅವರು. “ಮೂರು ವರ್ಷ ನಾನು ಬಸದಿಯಲ್ಲಿ ಕೈಮುಗಿದು ನಿಂತಾಗಲೂ ನಿನ್ನನ್ನು ಶಪಿಸಿದ್ದೇನೆ. ನಮ್ಮ ಧರ್ಮದಲ್ಲಿ ಅದು ಸಲ್ಲುವುದಿಲ್ಲ. ಆದರೂ ಶಪಿಸಿದೆ. ನನ್ನಿಂದ ಆ ಪಾಪ ಮಾಡಿಸಿದವ ನನ್ನ ಮಗ.”

“ನನಗೆ ನಿಮ್ಮ ಮೇಲೆ ಸಿಟ್ಟಿಲ್ಲ ಅಂತ ಹೇಳಿದರೆ ಸುಳ್ಳಾಗ್ತದೆ ಅಮ್ಮ,” ಅಂದಳು ಕಾಂತಿ.

“ಇರಲಿ. ಸಿಟ್ಟು ಇರಲಿ. ಬೇಕಾಗ್ತದೆ. ಸೀರೆ ಬದಲಿಸುವುದಿದ್ದರೆ ಬದಲಿಸು. ಬೆಳ್ತಂಗಡಿಗೆ ಹೋಗುವ.”

ಅಂಗಡಿಯಲ್ಲಿ ಸಂಜೆಯ ನೂಕುನುಗ್ಗಲು ಇತ್ತು. ಪೈಪು ಕೊಳ್ಳುವವರು, ಬಿಜಾಗರಿ ಆರಿಸುವವರು. ತ್ರಿಶಲಮ್ಮ ನಡುವೆ ಕುರ್ಚಿ ಹಾಕಿಸಿಕೊಂಡು ಕೂತರು. ಪಕ್ಕದಲ್ಲಿ ಇನ್ನೊಂದು ಕುರ್ಚಿ ಹಾಕಿಸಿ ಕಾಂತಿಯನ್ನು ಕೂರಿಸಿದರು. ಗಲ್ಲಾದಲ್ಲಿದ್ದ ಶಶಿರಾಜರ ಮುಖ ಸುಣ್ಣವಾಯಿತು.

“ಅಮ್ಮಾ, ಮನೆಯಲ್ಲಿ ಮಾತಾಡುವ.”

“ಆಸ್ಪತ್ರೆಯಲ್ಲಿ ಎಲ್ಲರೆದುರು ಇವಳನ್ನು ಹೊರಗೆ ಹಾಕಿದೆಯಲ್ಲ, ಅದು ಮನೆಯಾ? ಹೇಳು. ಇವರಿಗೆಲ್ಲ ಕೇಳುವ ಹಾಗೆ ಹೇಳು.”

ಶಶಿರಾಜ್ ಗೊಣಗಿದರು. ತಪ್ಪು ಕಾಂತಿಯದ್ದಲ್ಲ ಎಂದು, ತನಗೆ ಗೊತ್ತಿತ್ತು ಎಂದು.

“ಕೇಳಲಿಲ್ಲ,” ಅಂದಳು ಕಾಂತಿ.

ಅವರು ತಾಯಿಯ ಮುಖ ನೋಡಿದರು. ಅಲ್ಲಿ ಏನೂ ಸಿಗಲಿಲ್ಲ. ಸ್ವಲ್ಪ ಗಟ್ಟಿಯಾಗಿ ಹೇಳಿದರು.

“ಇನ್ನೊಮ್ಮೆ,” ಅಂದಳು ಕಾಂತಿ.

ಮೂರನೇ ಸಲ ಹೇಳುವಾಗ ರಸ್ತೆಯಲ್ಲಿದ್ದ ರಿಕ್ಷಾದವರೂ ಒಳಗೆ ಇಣುಕಿದ್ದರು. ಬಿಜಾಗರಿ ಹಿಡಿದು ನಿಂತಿದ್ದ ಒಬ್ಬ ಮುದುಕ, “ಯಾರು ಈ ಹೆಂಗಸು?” ಎಂದು ಪಕ್ಕದವನನ್ನು ಕೇಳಿದ.

“ಶಿರ್ತಾಡಿ ಕಾಂತಿ,” ಅವಳೇ ತಿರುಗಿ ಹೇಳಿದಳು. “ನೆಲ ಹಾಕುವವಳು.”