ಕೂತು ತಿನ್ನುವವರು

ದುಡಿಯದೆ ತಿನ್ನುವವರನ್ನು ಕಂಡರೆ ಮೈ ಉರಿಯುತ್ತದೆ ಎನ್ನುವವರ ಎದುರು ನಾನು ಬಾಯಿ ಬಿಡುವುದಿಲ್ಲ. ಯಾಕೆಂದರೆ ನಾನೇ ಅಂಥವನು. ವಿಜಯಪುರದ ಕಾಲೇಜೊಂದರಲ್ಲಿ ಅರ್ಥಶಾಸ್ತ್ರ ಕಲಿಸಿ ನಿವೃತ್ತನಾದವನಿಗೆ ತಿಂಗಳು ತಿಂಗಳು ಪಿಂಚಣಿ ಬಂದು ಬೀಳುತ್ತದೆ. ಸಿದ್ಧೇಶ್ವರ ಗುಡಿಯ ಹಿಂದಿನ ಓಣಿಯಲ್ಲಿ ಕುರ್ಚಿ ಹಾಕಿಕೊಂಡು ಕೂತಿರುತ್ತೇನೆ. ಇದರಿಂದ ನನ್ನ ದುಡಿಯುವ ಹುಮ್ಮಸ್ಸು ಕೆಟ್ಟಿತಲ್ಲ ಎಂದು ಈವರೆಗೆ ಯಾರೂ ಮರುಗಿಲ್ಲ. ಇದ್ದರಲ್ಲವೇ ಕೆಡಲಿಕ್ಕೆ, ಎನ್ನುತ್ತಾಳೆ ಹೆಂಡತಿ.

ಆ ಮರುಕವೆಲ್ಲ ಶಿವಬಾಯಿಗೆ ಮೀಸಲು. ನನ್ನ ಭಾವಮೈದುನ ಮಲ್ಲನಗೌಡನಿಗೆ ತಿಕೋಟಾದಲ್ಲಿ ದ್ರಾಕ್ಷಿ ತೋಟವಿದೆ, ಒಣದ್ರಾಕ್ಷಿಯ ಶೆಡ್ಡಿದೆ. ಅಲ್ಲಿ ಕಡ್ಡಿ, ಕರಿ ಕಾಳು ಆರಿಸಿ ತೆಗೆಯುವವಳು ಶಿವಬಾಯಿ. ಬೆಳಗಿನಿಂದ ಸಂಜೆವರೆಗೆ ಬರೀ ಫರಸಿಕಲ್ಲಿನ ನೆಲದ ಮೇಲೆ ಕೂರಬೇಕು, ಒಂದು ಕಾಳೂ ಬಾಯಿಗೆ ಹಾಕಿಕೊಳ್ಳಬಾರದು. ಈ ಬೇಸಿಗೆಯಲ್ಲಿ ಆಕೆ, ಬೆನ್ನು ನೋಯುತ್ತದೆ, ಕೂರಲು ಒಂದು ಮಣೆ ಕೊಟ್ಟರೆ ಮಾತ್ರ ಬರುತ್ತೇನೆ ಎಂದು ಮನೆಯಲ್ಲೇ ಉಳಿದಳು. ಜೊತೆಗೆ ಆರಿಸುವ ಹೆಂಗಸರೂ ಅವಳಂತೆಯೇ ಕೆಲಸಕ್ಕೆ ಬರುವುದು ಬಿಟ್ಟರು. ಮಳೆ ಹಿಡಿಯುವ ಮೊದಲು ಮಾಲು ಸಾಗಿಸಬೇಕಾದ ಗೌಡ ನನ್ನ ಮನೆಗೆ ಓಡಿ ಬಂದ.

“ನೋಡ್ರಿ ಮಾಮಾ, ಸರ್ಕಾರ ಹೆಣ್ಮಕ್ಕಳ ಖಾತೆಗೆ ರೊಕ್ಕ ಹಾಕಾಕತ್ತೈತಿ, ಇವ್ರಿಗೆ ಸೊಕ್ಕು ಬಂದೈತಿ. ಮುಂದ ಬಡವ ಶ್ರೀಮಂತ ಅನ್ನದ ಎಲ್ಲಾರಿಗೂ ಕೊಡತಾರಂತ! ದೇಶಾನ ಕೂತು ತಿಂತೈತಿ. ನಮ್ಮ ಟ್ಯಾಕ್ಸಿನ ರೊಕ್ಕರಿ ಅದು!”

‘ನಮ್ಮ’ ಎಂಬುದನ್ನು ಕೇಳಿ ನನಗೆ ಕುಡಿಯುತ್ತಿದ್ದ ಚಹಾ ನೆತ್ತಿಗೇರಿತು. ತೋಟದ ಆದಾಯಕ್ಕೆ ಅವನು ಒಂದು ಪೈಸೆ ತೆರಿಗೆ ಕಟ್ಟಿದವನಲ್ಲ. ಪಂಪಿಗೆ ಪುಕ್ಕಟೆ ಕರೆಂಟು, ಹನಿ ನೀರಾವರಿಗೆ ಸಹಾಯಧನ. ಅವನಿಗೆ ಬಂದರೆ ಅದು ಪ್ರೋತ್ಸಾಹ, ಶಿವಬಾಯಿಗೆ ಬಂದರೆ ಸೊಕ್ಕು. ಆಕೆಯಾದರೂ ಅಂಗಡಿಯಲ್ಲಿ ಏನಾದರೊಂದು ಕೊಂಡಾಗ ತೆರಿಗೆ ಸೇರಿಸಿಯೇ ಕೊಡುತ್ತಾಳೆ.

ಇಂಥವರಿಗೆ ಕಾಯಕ ಎಂಬ ಮಾತು ನಾಲಿಗೆ ತುದಿಯಲ್ಲೇ ಇರುತ್ತದೆ. ಅದರ ಜೊತೆಗೇ ನಮ್ಮ ನೆಲದಲ್ಲಿ ಬೆಳೆದ ದಾಸೋಹ ಎಂಬ ಇನ್ನೊಂದು ಮಾತು ಮಾತ್ರ ಗಂಟಲಲ್ಲೇ ಸಿಕ್ಕಿಕೊಳ್ಳುತ್ತದೆ. ಎಲ್ಲರಿಗೂ ಹಣ ಹಂಚಿದರೆ ಖಜಾನೆ ತಾಳುತ್ತದೆಯೇ ಎಂಬುದು ಕೇಳಬೇಕಾದ ಪ್ರಶ್ನೆಯೇ. ಅದನ್ನು ಎಷ್ಟೋ ಸಲ ಹಲಗೆಯ ಮೇಲೆ ಬರೆದು, ಉತ್ತರ ಗೊತ್ತಿಲ್ಲದೆ ಒರೆಸಿದ್ದೇನೆ. ಆದರೆ ಒಂದು ಮಣೆ ಕೊಡಲು ಜೀವ ಹೋದಂತೆ ಆಡುವವರು ದೇಶದ ಖಜಾನೆಯ ಚಿಂತೆ ಮಾಡಿದರೆ ನನಗೆ ಸಿಟ್ಟು ಬರುತ್ತದೆ.

ಬುದ್ಧಿ ಹೇಳಿಸಲೆಂದು ಗೌಡ ನನ್ನನ್ನು ಶಿವಬಾಯಿಯ ಮನೆಗೆ ಕರೆದೊಯ್ದ. ಆಕೆ ನಮಗೆ ಚಾಪೆ ಹಾಸಿ ಹೇಳಿದಳು: “ಮೊದಲೂ ಬೆನ್ನು ನೋಯ್ತಿತ್ರಿ ಸರ. ಹೇಳಿದ್ರ ಕೆಲಸ ಹೋಗತಿತ್ತು, ಸುಮ್ಮನಿದ್ದೆ. ಈಗ ಹೇಳಾಕತ್ತೇನಿ. ಕುಂದ್ರಾಕ ಮಣಿ ಕೊಡ್ರಿ, ನಾಳೇನ ಬರ್ತೇನಿ.”

“ಇಕಿ ಇಲ್ಲಂದ್ರ ನಡಿಯೂದಿಲ್ಲೇನು?” ಎಂದ ಗೌಡ ಶೆಡ್ಡಿಗೆ ಬಂದು ತಾನೇ ಆರಿಸಲು ಕೂತ. ಒಂದು ಕಾಳು ಬುಟ್ಟಿಗೆ, ಎರಡು ಬಾಯಿಗೆ. ಸ್ವಲ್ಪ ಹೊತ್ತಿಗೇ ಸೊಂಟ ಹಿಡಿದುಕೊಂಡು, “ಯಪ್ಪಾ! ಮಾಮಾ, ಆ ಕುರ್ಚಿ ಇತ್ತ ಸರಸ್ರಿ” ಎಂದು ನರಳಿದ. ಸರಿಸುವುದು ಹೇಗೆ? ಅದರ ಮೇಲೆ ನಾನು ಕೂತಿದ್ದೆ. ನನ್ನ ಬಾಯಿಯೂ ಖಾಲಿಯಿರಲಿಲ್ಲ.

ಮರುದಿನ ಮಣೆ ಬಂತು, ಶಿವಬಾಯಿಯೂ ಬಂದಳು, ಅವಳ ಹಿಂದೆ ಉಳಿದ ಹೆಂಗಸರೂ. ಗೌಡ ಕುರ್ಚಿ ಹಿಡಿದ, ನಾನು ಇನ್ನೊಂದು ತರಿಸಿಕೊಂಡೆ. ನಮ್ಮ ಮೂವರಲ್ಲಿ ತಿನ್ನದೆ ಕೂತವಳು ಅವಳೊಬ್ಬಳೇ.